ಸಹಧರ್ಮಿಣಿಯ ಸಮ್ಮತಿ



ನಾಲ್ಕು ಆಶ್ರಮಗಳಲ್ಲಿ ಗೃಹಸ್ಥಾಶ್ರಮವೇ ಮಿಕ್ಕ ಮೂರಕ್ಕೂ ಆಧಾರವೆಂದು ನಮ್ಮ ಹಿರಿಯರು ಸಾರಿದ್ದಾರೆ. ದೇವರ ದೀಪಕ್ಕೆ ಎಣ್ಣೆ, ಅತಿಥಿಗೆ ಅನ್ನ, ಮಕ್ಕಳಿಗೆ ವಿದ್ಯೆ ಇವೆಲ್ಲವೂ ಗೃಹಸ್ಥನ ಮನೆಯಿಂದಲೇ ಹೊರಡಬೇಕು. ಆ ಮನೆಯೇ ಶಿಥಿಲವಾಗಿದ್ದರೆ ದೇವಾಲಯದ ಜೀರ್ಣೋದ್ಧಾರವು ಹೇಗೆ ತಾನೆ ಪೂರ್ಣವಾದೀತು? ಆದುದರಿಂದ ಈ ಶುಭಸಂದರ್ಭದಲ್ಲಿ ಮನೆಯೊಳಗಿನ ಧರ್ಮವೊಂದನ್ನು ಕುರಿತು ನಾಲ್ಕು ಮಾತುಗಳನ್ನು ಅರಿಕೆ ಮಾಡಬಯಸುತ್ತೇನೆ.

ನಮ್ಮ ವಯನಾಡಿನಲ್ಲಿ ಸ್ತ್ರೀಯರು ದುಡಿಯುವುದು ಹೊಸತಲ್ಲ. ಗದ್ದೆಯ ನಾಟಿ, ಕಾಫಿಯ ಕೊಯ್ಲು, ತೇಯಿಲೆ ತೋಟದ ಕೆಲಸ ಇವೆಲ್ಲ ಅವರ ಕೈಗಳಿಂದಲೇ ನಡೆದುಬಂದಿವೆ. ಹೊಸತಾದುದು ಇಷ್ಟೇ: ಆ ದುಡಿಮೆಯು ಅವರ ಹೆಸರಿನಲ್ಲಿಯೇ ಲೆಕ್ಕಕ್ಕೆ ಬರತೊಡಗಿತು. 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಅಯಲ್‌ಕೂಟಗಳು ಅವರಿಗೆ ಉಳಿತಾಯವನ್ನೂ ಸಾಲದ ವ್ಯವಹಾರವನ್ನೂ ಕಲಿಸಿದವು. 2006ರಲ್ಲಿ ಉದ್ಯೋಗ ಖಾತರಿ ಯೋಜನೆಯು ಮೊದಲ ಹಂತದಲ್ಲಿಯೇ ನಮ್ಮ ಜಿಲ್ಲೆಗೆ ಬಂದು, ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿಯನ್ನು ನೀಡಿತು. ಶಾಲೆ, ಆಸ್ಪತ್ರೆ, ಕಛೇರಿಗಳಲ್ಲಿ ಉದ್ಯೋಗ ಮಾಡುವ ಸೊಸೆಯಂದಿರೂ ಅನೇಕರಿದ್ದಾರೆ.

ಹೀಗೆ ಮನೆಯ ಜಮೆಯಲ್ಲಿ ಎರಡು ಕಲಮುಗಳಾಗಿವೆ. ಆದರೆ ಜಮೀನು ಕೊಳ್ಳುವಾಗ, ಸಾಲ ತೆಗೆಯುವಾಗ, ಮಕ್ಕಳನ್ನು ಓದಿಗೆ ಕಳುಹಿಸುವಾಗ ಮಾತು ಮಾತ್ರ ಒಬ್ಬನದೇ. ದೇವರ ಕಾಣಿಕೆಯ ರಸೀತಿಯಲ್ಲಿಯೂ ಎಷ್ಟೋ ಬಾರಿ ಹಣ ಇಬ್ಬರದು, ಹೆಸರು ಒಬ್ಬನದು. ಜಮೆಗೆ ಇಬ್ಬರು, ಖರ್ಚಿಗೆ ಒಬ್ಬ ಎಂಬ ಈ ಲೆಕ್ಕವು ಲೆಕ್ಕ ಬರೆಯುವ ವೃತ್ತಿಯ ನನಗೆ ಸರಿಹೊಂದಿದಂತೆ ತೋರುವುದಿಲ್ಲ. ಶಾಸ್ತ್ರಕ್ಕಾದರೂ ಅದು ಸರಿಯೆ?

ವಿವಾಹಮಂಟಪದಲ್ಲಿ ಕನ್ಯಾದಾನದ ಸಮಯವನ್ನು ಸ್ಮರಿಸಿರಿ. ಧರ್ಮದಲ್ಲಿಯೂ ಅರ್ಥದಲ್ಲಿಯೂ ಕಾಮದಲ್ಲಿಯೂ ಇವಳನ್ನು ಅತಿಕ್ರಮಿಸತಕ್ಕದ್ದಲ್ಲ ಎಂದು ಕನ್ಯಾಪಿತೃವು ಕೇಳುತ್ತಾನೆ. ವರನು ‘ನಾತಿಚರಾಮಿ’ ಎಂದು ಒಪ್ಪುತ್ತಾನೆ. ಅರ್ಥವೆಂದರೆ ಹಣಕಾಸಲ್ಲವೇ? ಆ ಪ್ರತಿಜ್ಞೆಯನ್ನು ಅಗ್ನಿಸಾಕ್ಷಿಯಾಗಿ ಮಾಡಿದವನು ಗಂಡನೇ ಹೊರತು ಹೆಂಡತಿಯಲ್ಲವೆಂಬುದನ್ನು ನಾವು ಮರೆಯಲಾಗದು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಶರಣ ದಂಪತಿಗಳಿದ್ದರು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅದನ್ನು ಅಟ್ಟು ಜಂಗಮರಿಗೆ ನೀಡುವುದು ಲಕ್ಕಮ್ಮನವರ ನೇಮ. ಒಂದು ದಿನ ಮಾರಯ್ಯನವರು ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರಂತೆ. ಲಕ್ಕಮ್ಮನವರು ಅದು ಆಸೆಯ ಫಲವೆಂದು ತಿಳಿಹೇಳಿ, ಹೆಚ್ಚಾದುದನ್ನು ತಂದ ಸ್ಥಳದಲ್ಲಿಯೇ ಸುರಿದು ಬರುವಂತೆ ಕಳುಹಿಸಿದರು. ಮಾರಯ್ಯನವರು ಅವಮಾನವೆಂದು ತಿಳಿಯದೆ ಹಾಗೆಯೇ ಮಾಡಿದರು. ಅಕ್ಕಿ ತಂದವರು ಮಾರಯ್ಯ. ಎಷ್ಟು ಸಾಕೆಂದು ನಿರ್ಣಯಿಸಿದವರು ಲಕ್ಕಮ್ಮ. ಅಕ್ಕಿ ತಾರದ ಸತಿಗೇ ಇಷ್ಟು ಮಾತಿದ್ದ ಬಳಿಕ, ತಾನೇ ದುಡಿದು ತರುವವಳಿಗೆ ಎಷ್ಟಿರಬೇಕು!

ಇನ್ನು ನಮ್ಮ ನೆಲದ ತಾಯಿಯನ್ನೇ ನೆನೆಯೋಣ. ಪುಲ್ಪಳ್ಳಿಯಲ್ಲಿ ಸೀತಾದೇವಿಯು ಲವಕುಶರೊಡನೆ ಪೂಜೆಗೊಳ್ಳುತ್ತಾಳೆ; ಆ ಕಾಡಿನಲ್ಲಿಯೇ ದೇವಿಯು ನೆಲೆಸಿದ್ದಳೆಂದು ನಮ್ಮ ಜನ ನಂಬುತ್ತಾರೆ. ರಾಮಾಯಣದಲ್ಲಿ ಆಕೆ ಎರಡು ಬಾರಿ ವನಕ್ಕೆ ಹೋದಳು. ಮೊದಲ ಬಾರಿ ಶ್ರೀರಾಮನು ಬೇಡವೆಂದನು. ಆಕೆ ವಾದಿಸಿ, ಒಪ್ಪಿಸಿ ಜೊತೆಯಲ್ಲಿ ಹೊರಟಳು. ಇಬ್ಬರೂ ಕೂಡಿ ತಿಳಿದು ಮಾಡಿದ ನಿಶ್ಚಯವಾದುದರಿಂದ ನಾರುಮಡಿಯೂ ಭಾರವಾಗಲಿಲ್ಲ. ಎರಡನೆಯ ಬಾರಿ ನಿಶ್ಚಯವು ಆಕೆಯನ್ನು ಕೇಳದೆ ಆಯಿತು. ಆಶ್ರಮದರ್ಶನಕ್ಕೆಂದು ರಥವೇರಿದವಳಿಗೆ ಸತ್ಯವು ತಿಳಿದುದು ಕಾಡಿನಲ್ಲಿ. ರಾಜಧರ್ಮವನ್ನು ತೂಗುವ ಯೋಗ್ಯತೆ ನನಗಿಲ್ಲ. ಆದರೆ ಆ ದುಃಖವು ಭೂಮಿ ಬಿರಿಯುವವರೆಗೂ ತೀರಲಿಲ್ಲವೆಂಬುದನ್ನು ಎಲ್ಲರೂ ಬಲ್ಲರು.

ಇದು ಪುರಾಣದ ಮಾತು ಮಾತ್ರವಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ಕರಿಮೆಣಸು, ಕಾಫಿಗಳ ಬೆಲೆ ಕುಸಿದು, ಬಳ್ಳಿಗಳಿಗೆ ರೋಗ ತಗುಲಿ, ಸಾಲದ ಹೊರೆಯಿಂದ ವಯನಾಡಿನ ಅನೇಕ ರೈತರು ಪ್ರಾಣವನ್ನೇ ನೀಗಿದರು. ಬೆಲೆಯು ನಮ್ಮ ಕೈಯಲ್ಲಿಲ್ಲ. ಆದರೆ ಸಾಲದ ಕಾಗದವನ್ನು ಮನೆಯವಳಿಂದ ಬಚ್ಚಿಟ್ಟು ಒಬ್ಬನೇ ಕೊರಗುವುದನ್ನಾದರೂ ತಪ್ಪಿಸಬಹುದು. ಹೇಳಿಕೊಂಡ ಸಾಲವು ಇಬ್ಬರ ಹೆಗಲಿನದು. ಬಚ್ಚಿಟ್ಟ ಸಾಲವು ಒಬ್ಬನ ಕೊರಳಿನದು.

ಮನೆಗೆ ಇಬ್ಬರು ಯಜಮಾನರಾದರೆ ಜಗಳವಲ್ಲವೇ ಎಂದು ಕೆಲವರು ಕೇಳಬಹುದು. ನೊಗಕ್ಕೆ ಎರಡು ಎತ್ತುಗಳನ್ನು ಕಟ್ಟುವವರು ಜಗಳಕ್ಕೆ ಅಂಜುವುದಿಲ್ಲ. ಒಂದೇ ಮುಂದೆ ನುಗ್ಗಿದರೆ ಸಾಲು ಸೊಟ್ಟಗಾಗುವುದಕ್ಕೆ ಅಂಜುತ್ತಾರೆ. ಈ ನಿಯಮವು ಸ್ತ್ರೀಯರಿಗೂ ಸಲ್ಲುತ್ತದೆ. ತನ್ನ ಖಾತೆಯಿಂದ ತವರಿಗೋ ಚಿಟ್ಟಿಗೋ ಗಂಡನಿಗೆ ತಿಳಿಸದೆ ದೊಡ್ಡ ಮೊತ್ತವನ್ನು ಕೊಡುವುದೂ ಅತಿಕ್ರಮವೇ. ನನ್ನ ಹಣ, ನಿನ್ನ ಹಣವೆಂಬ ಭೇದಕ್ಕಿಂತ ನಮ್ಮ ನಿಶ್ಚಯವೆಂಬ ಐಕ್ಯವು ಮೇಲು.

ಆಚರಣೆಗೆ ಇದು ಕಷ್ಟವೇನಲ್ಲ. ತಿಂಗಳಿಗೊಮ್ಮೆ, ಸಂಜೆ ದೀಪ ಹಚ್ಚಿದ ಬಳಿಕ, ಸತಿಪತಿಗಳು ಇಬ್ಬರ ಪಾಸ್ ಪುಸ್ತಕಗಳನ್ನೂ ತೆರೆದು ಕುಳಿತುಕೊಳ್ಳಲಿ. ಬಂದುದೆಷ್ಟು, ತೀರಿಸಬೇಕಾದುದೆಷ್ಟು, ಮುಂದಿನ ಯೋಚನೆಯೇನು ಎಂದು ಪರಸ್ಪರ ಕೇಳಲಿ. ಒಮ್ಮತವಾಗದಿದ್ದರೆ ಆ ದಿನ ಸಹಿ ಬೇಡ. ಎರಡು ದಿನ ತಾಳುವುದರಿಂದ ಕೆಟ್ಟ ಮನೆಗಳು ವಿರಳ. ಮಕ್ಕಳು ಅದನ್ನು ನೋಡಿ ಬೆಳೆಯಲಿ.

ಶಿವನು ತನ್ನ ಶರೀರದ ಅರ್ಧವನ್ನೇ ಗೌರಿಗೆ ಕೊಟ್ಟು ಅರ್ಧನಾರೀಶ್ವರನಾದನು. ಅರ್ಧ ಶರೀರವನ್ನು ಕೊಟ್ಟು ಅರ್ಧ ಮಾತನ್ನು ಉಳಿಸಿಕೊಂಡನೆಂದು ಯಾವ ಪುರಾಣವೂ ಹೇಳುವುದಿಲ್ಲ. ನಮ್ಮೂರಿನ ಮನೆಮನೆಗಳಲ್ಲಿ ಅಂತಹ ಸಾಮರಸ್ಯವು ನೆಲೆಗೊಳ್ಳಲೆಂದು ಭಗವಂತನ ಪಾದಾರವಿಂದಗಳಲ್ಲಿ ಪ್ರಾರ್ಥಿಸುತ್ತೇನೆ.