ಕಾಲಿಗೆ ನೀರು

ನಂಜನಗೂಡಿನ ದೊಡ್ಡ ಜಾತ್ರೆ ಬರುವುದು ಫಾಲ್ಗುಣದಲ್ಲಿ. ಕ್ರೈಸ್ತರ ತಪಸ್ಸುಕಾಲವೂ ಆ ಬಿಸಿಲಿನ ಆಸುಪಾಸಿನಲ್ಲೇ ಬರುತ್ತದೆ. ಶ್ರೀಕಂಠೇಶ್ವರನ ತೇರು ನೋಡಲು ನಡೆದು ಬಂದವರು ಕಪಿಲೆಯಲ್ಲಿ ಕಾಲು ತೊಳೆದು ಮೆಟ್ಟಿಲು ಹತ್ತುತ್ತಾರೆ. ಅದೇ ನೀರು ಮುಂದೆ ತಿ. ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ. ಈ ಸೀಮೆಯ ಹಳ್ಳಿಮನೆಗಳಲ್ಲಿ ನೆಂಟರು ಬಂದರೆ ಮೊದಲು ಕಾಲಿಗೆ ನೀರು. ಕುಶಲೋಪರಿ, ಊಟ ಎಲ್ಲ ಆಮೇಲೆ.

ಹಾಗಾಗಿ ಬೈಬಲ್ಲಿನ ಮೂರು ಪ್ರಸಂಗಗಳು ನಮಗೆ ಯಾರೂ ಬಿಡಿಸಿ ಹೇಳದೆಯೇ ಅರ್ಥವಾಗುತ್ತವೆ. ಪವಿತ್ರ ವಾರದ ಸೋಮವಾರದಿಂದ ಬುಧವಾರದವರೆಗೆ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ದಿನಕ್ಕೊಂದನ್ನು ನಿಧಾನವಾಗಿ ಓದಬಹುದು.

ಮೊದಲನೆಯದು ಆದಿಕಾಂಡದ 18ನೆಯ ಅಧ್ಯಾಯ. ಉರಿಬಿಸಿಲಲ್ಲಿ ಗುಡಾರದ ಬಾಗಿಲಲ್ಲಿ ಕುಳಿತಿದ್ದ ಅಬ್ರಹಾಮ, ಗುರುತಿಲ್ಲದ ಮೂವರನ್ನು ಕಂಡು ಓಡಿಹೋಗಿ ಕರೆಯುತ್ತಾನೆ. ನೀವು ಯಾರು, ಎತ್ತಣವರು ಎಂದು ಕೇಳುವುದಿಲ್ಲ. ಕಾಲಿಗೆ ನೀರು, ಮರದ ನೆರಳು, ಆಮೇಲೆ ಊಟ.

ಎರಡನೆಯದು ಲೂಕನ 7ನೆಯ ಅಧ್ಯಾಯ. ಫರಿಸಾಯನಾದ ಸೀಮೋನ ಯೇಸುಸ್ವಾಮಿಯನ್ನು ಊಟಕ್ಕೆ ಕರೆದ, ಕಾಲಿಗೆ ನೀರು ಕೊಡಲಿಲ್ಲ. ಅದು ಎಂಥ ಅವಮಾನವೆಂದು ನಮ್ಮ ಹಳ್ಳಿಯ ಯಾವ ಅಜ್ಜಿಯಾದರೂ ಹೇಳಬಲ್ಲಳು. ಊರು ಪಾಪಿ ಎಂದು ದೂರವಿಟ್ಟಿದ್ದ ಹೆಂಗಸೊಬ್ಬಳು ಬಂದು ಆ ಪಾದಗಳನ್ನು ಕಣ್ಣೀರಲ್ಲಿ ತೊಯ್ಯಿಸಿ, ತನ್ನ ತಲೆಗೂದಲಿಂದ ಒರೆಸಿದಳು.

ಮೂರನೆಯದು ಯೊವಾನ್ನನ 13ನೆಯ ಅಧ್ಯಾಯ. ಕೊನೆಯ ಭೋಜನದಲ್ಲಿ ಯೇಸು ಮೇಲುವಸ್ತ್ರ ತೆಗೆದಿಟ್ಟು, ಸೊಂಟಕ್ಕೆ ಅಂಗವಸ್ತ್ರ ಸುತ್ತಿ, ಬೋಗುಣಿಗೆ ನೀರು ಹೊಯ್ದು ಶಿಷ್ಯರ ಕಾಲು ತೊಳೆದರು. ಯೇಸುವನ್ನು ಹಿಡಿದುಕೊಡಲು ಹೊರಟಿದ್ದ ಯೂದನೂ ಇನ್ನೂ ಅಲ್ಲೇ ಇದ್ದ. ಗುರುವಿನ ಪಾದ ತೊಳೆದು ತೀರ್ಥ ತೆಗೆದುಕೊಳ್ಳುವ ನಾಡಿನವರು ನಾವು. ಅಲ್ಲಿ ಗುರುವೇ ಬಾಗಿದ್ದಾರೆ. ಪೇತ್ರ ಕಾಲು ಹಿಂದಕ್ಕೆಳೆದುಕೊಂಡ. ತೊಳೆಸಿಕೊಳ್ಳದಿದ್ದರೆ ನಿನಗೂ ನನಗೂ ಸಂಬಂಧವಿಲ್ಲ ಎಂದು ಯೇಸು ಹೇಳಿದ ಮೇಲೆಯೇ ಅವನು ಒಪ್ಪಿದ್ದು.

ಪೇತ್ರನ ಆ ಸಂಕೋಚ ನಮ್ಮದೂ ಹೌದು. ವಿಭೂತಿ ಬುಧವಾರದಿಂದ ಮಾಂಸ ಬಿಟ್ಟೆವು, ಉಪವಾಸವಿದ್ದೆವು, ಶಿಲುಬೆಹಾದಿಯ 14 ಸ್ಥಳಗಳಲ್ಲೂ ಮೊಣಕಾಲೂರಿದೆವು. ಎಲ್ಲವೂ ಒಳ್ಳೆಯದೇ, ಎಲ್ಲವೂ ನಾವೇ ಮಾಡಿದ್ದು. ಗದ್ದೆಯ ಕೆಸರು ಕೂತ, ಹಿಮ್ಮಡಿ ಒಡೆದ ಕಾಲನ್ನು ಇನ್ನೊಬ್ಬರ ಕೈಗೆ ಕೊಡುವುದು ಮಾತ್ರ ಕಷ್ಟ. ನಮ್ಮ ಕೊಳೆ ಅವರಿಗೆ ಕಾಣುತ್ತದೆ. ವ್ರತಗಳ ಲೆಕ್ಕ ಇಟ್ಟುಕೊಂಡವರಿಗೆ ಈಸ್ಟರ್ ಹಬ್ಬ ದುಡಿಮೆಗೆ ಸಿಕ್ಕ ಕೂಲಿಯಂತೆ ಕಂಡೀತು. ಆದರೆ ಶಿಷ್ಯರಲ್ಲಿ ಒಬ್ಬರೂ ಪುನರುತ್ಥಾನವನ್ನು ಗಳಿಸಲಿಲ್ಲ. ಯೇಸುವನ್ನು ಹಿಡಿದ ರಾತ್ರಿಯೇ ಅವರು ಓಡಿಹೋಗಿದ್ದರು. ಆದರೂ ಅವರಿಗೆ ಅದು ದಕ್ಕಿತು.

2013ರ ಪವಿತ್ರ ಗುರುವಾರ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ 12 ಮಂದಿ ಎಳೆಯರ ಕಾಲು ತೊಳೆದರು. ಅವರಲ್ಲಿ ಹೆಣ್ಣುಮಕ್ಕಳಿದ್ದರು, ಮುಸ್ಲಿಮರೂ ಇದ್ದರು. ನೀವೂ ಒಬ್ಬರಿಗೊಬ್ಬರು ಹೀಗೇ ಮಾಡಿ ಎಂಬ ಯೇಸುವಿನ ಮಾತು ನಮ್ಮ ನೆಲದಲ್ಲಿ ಇನ್ನೂ ಭಾರ. ಯಾರು ಯಾರನ್ನು ಮುಟ್ಟಬಹುದು, ಯಾರಿಗೆ ಹೊಸ್ತಿಲಾಚೆಯಿಂದಲೇ ನೀರು ಹೊಯ್ಯಬೇಕು ಎಂದು ಜಾತಿ ತೀರ್ಮಾನಿಸಿದ ನೆಲ ಇದು.

ಪವಿತ್ರ ಗುರುವಾರ ಸಂಜೆ ಚರ್ಚಿನಲ್ಲಿ ಕಾಲು ತೊಳೆಯುವಾಗ ಮೊದಲು ಪೇತ್ರನಂತೆ ಕಾಲು ಮುಂದಿಡೋಣ. ಆಮೇಲೆ, ಜಗಲಿಯಲ್ಲೇ ಮಾತಾಡಿಸಿ ಕಳಿಸಿಬಿಡುವವರು ಯಾರೆಂದು ಪ್ರಾಮಾಣಿಕವಾಗಿ ನೆನೆಯೋಣ. ಈಸ್ಟರ್ ದಿನದ ಊಟಕ್ಕೆ ಅವರನ್ನೇ ಕರೆದು, ಒಳಗೆ ನಮ್ಮ ಪಂಕ್ತಿಯಲ್ಲೇ ಕೂರಿಸಿಕೊಳ್ಳೋಣ.