ಮೃಗಾಲಯದಲ್ಲಿ ಮಗು ಯಾರನ್ನು ನೋಡಬೇಕು?

ಎರಡು ವರ್ಷದ ಮಗುವಿಗೆ ಮೇಲುಕೀಳು ಗೊತ್ತಿಲ್ಲ ಎಂದು ನಾವು ಭಾಷಣಗಳಲ್ಲಿ ಹೇಳ್ತಾನೇ ಇರ್ತೇವೆ. ಅದನ್ನು ಕಣ್ಣಾರೆ ಕಾಣಬೇಕಾದರೆ ಒಂದು ಭಾನುವಾರ ಮೈಸೂರಿನ ಮೃಗಾಲಯಕ್ಕೆ ಹೋಗಿ. ಜಿರಾಫೆ ಮುಂದೆ ನಿಲ್ಲಿಸಿ 'ಅಲ್ನೋಡು ಕಂದಾ, ಎಷ್ಟುದ್ದ ಕತ್ತು' ಅಂತ ಅವ್ವ ಗಂಟಲು ಹರ್ಕೊಳ್ತಿದ್ದರೆ, ಮಗು ಕುಕ್ಕರುಗಾಲಲ್ಲಿ ಕೂತು ಇರುವೆ ಸಾಲು ನೋಡ್ತಿರ್ತದೆ. ಆನೆಯ ಹತ್ತಿರ ಲದ್ದಿ ಬಾಚುವ ಆಳು ಕಂಡರೆ ಆನೆಗೂ ಟಾಟಾ, ಅವನಿಗೂ ಟಾಟಾ. ಆಗ ಅಪ್ಪ ಮಗುವಿನ ಗಲ್ಲ ಹಿಡಿದು ಮುಖ ತಿರುಗಿಸ್ತಾನೆ: 'ಅವನನ್ನಲ್ಲ, ಆನೆ ನೋಡು.'

ಅಪ್ಪನದು ಕೆಟ್ಟ ಮನಸ್ಸಲ್ಲ. ಟಿಕೆಟ್ಟಿಗೆ ದುಡ್ಡು ಸುರಿದಿದ್ದಾನೆ, ಮಗು ಆನೆ ನೋಡಲಿ ಅಂತ ಅವನಾಸೆ. ಆದರೆ ಈ ಮುಖ ತಿರುಗಿಸುವುದು ಇದೆಯಲ್ಲ, ಪಾಠ ಶುರುವಾಗುವುದೇ ಅಲ್ಲಿ. ಯಾರನ್ನು ನೋಡಬೇಕು, ಯಾರು ಕಂಡರೂ ಕಾಣದ ಹಾಗೆ ಇರಬೇಕು ಅನ್ನುವ ಪಾಠ.

ಒಂದು ಮಾತನ್ನು ಒಪ್ಪಿಕೊಳ್ಳಬೇಕು. 1892ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಮಾಡಿಸಿದ ಈ ಜಾಗ ಇವತ್ತು ಟಿಕೆಟ್ಟು ಕೊಂಡ ಎಲ್ಲರದು. ಯಾರೂ ಜಾತಿ ಕೇಳುವುದಿಲ್ಲ. ಊರ ಗುಡಿಯ ಹೊಸಿಲು ತುಳಿಯಲು ಇನ್ನೂ ಹಿಂದೆಮುಂದೆ ನೋಡಬೇಕಾದ ಹಟ್ಟಿಯ ಸಂಸಾರವೊಂದು ಹುಲಿಯ ಮುಂದೆ ಗೌಡರ ಸಂಸಾರದ ಪಕ್ಕದಲ್ಲೇ ಹೆಗಲಿಗೆ ಹೆಗಲು ತಾಗಿಸಿ ನಿಲ್ಲಬಹುದು. ಇದು ಸಣ್ಣದಲ್ಲ.

ಹಾಗೆ ನಿಂತವರೆಲ್ಲ ಒಂದೇ ಮಾತು ಆಡ್ತಾರೆ: 'ಪಾಪ, ಕೂಡಿ ಹಾಕವ್ರೆ.' ಮಗುವೂ ಆ 'ಪಾಪ'ವನ್ನು ಕಲೀತದೆ. ಒಳ್ಳೆಯದೇ. ಆದರೆ ಪ್ರಾಣಿಯ ಮೇಲಿನ ದಯೆ ನಮ್ಮಲ್ಲಿ ಯಾವತ್ತೂ ಸಲೀಸು. ಮಹಾಡದ ಚವದಾರ್ ಕೆರೆಯ ನೀರನ್ನು ದನಕರು ಕುಡಿಯಬಹುದಿತ್ತು, ಅಸ್ಪೃಶ್ಯರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಹೋಗಿ ಆ ನೀರು ಕುಡಿಯಬೇಕಾಯಿತು. ದನ ಕೂಲಿ ಕೇಳುವುದಿಲ್ಲ, ಭೂಮಿ ಕೇಳುವುದಿಲ್ಲ, ಎದುರುತ್ತರ ಕೊಡುವುದಿಲ್ಲ. ಕೇಳದವರ ಮೇಲೆ ದಯೆ ತೋರಿಸೋಕೆ ಏನೂ ಖರ್ಚಿಲ್ಲ ಕಣ್ರೀ.

ಹಾಗಾದರೆ ಲದ್ದಿ ಬಾಚುವವನನ್ನು ತೋರಿಸಿಬಿಟ್ಟರೆ ಸಾಕೆ? ಪ್ರಾಣಿಯ ಹೆಸರು, ಊಟ, ನೆಲೆ ಬರೆದ ಫಲಕ ಇರ್ತದೆ, ಅದನ್ನು ಸಾಕುವವನಿಗೆ ಯಾವ ಫಲಕವೂ ಇಲ್ಲ ಎಂದು ನಮ್ಮ ಕೆಲವು ಗೆಳೆಯರು ಸಿಟ್ಟಾಗ್ತಾರೆ. ಆ ಸಿಟ್ಟು ನನಗೆ ಅರ್ಥವಾಗ್ತದೆ, ಆದರೆ ಫಲಕದ ಮೇಲೆ ನನಗೆ ನಂಬಿಕೆ ಇಲ್ಲ. 1906ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಕಾಂಗೋದ ತರುಣ ಓಟಾ ಬೆಂಗಾನನ್ನು ಕೋತಿಗಳ ಮನೆಯಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಅವನಿಗೂ ಫಲಕ ಇತ್ತು: ಹೆಸರು, ವಯಸ್ಸು, ಎತ್ತರ, ತೂಕ, ಎಲ್ಲಿಂದ ತಂದದ್ದು. ನೋಡಲು ಸಾವಿರಾರು ಜನ ನುಗ್ಗಿದರು. ಕರಿಯ ಪಾದ್ರಿಗಳು ಪ್ರತಿಭಟಿಸಿದ ಮೇಲೆ ಅವನನ್ನು ಅಲ್ಲಿಂದ ಬಿಡಿಸಲಾಯಿತು. 1916ರಲ್ಲಿ ಅವನು ತಾನೇ ಗುಂಡು ಹೊಡೆದುಕೊಂಡು ಸತ್ತ. ಮೃಗಾಲಯ ನಡೆಸುವ ಸಂಸ್ಥೆ ಕ್ಷಮೆ ಕೇಳಿದ್ದು 2020ರಲ್ಲಿ!

ಕಾಣದ ಹಾಗೆ ಮಾಡುವುದೂ ಅವಮಾನ, ಬೆರಳು ಮಾಡಿ ತೋರಿಸುವುದೂ ಅವಮಾನ. ಹಟ್ಟಿಯಲ್ಲಿ ಹುಟ್ಟಿದವರಿಗೆ ಎರಡೂ ಗೊತ್ತು. ನಮ್ಮ ಬಗ್ಗೆ ಕರುಣೆಯಿಂದ ಬರೆದ ಎಷ್ಟೋ ಕಥೆಗಳು ಈ ಎರಡನೆಯ ಜಾತಿಗೆ ಸೇರಿದವು, ಇರಲಿ. ಮಗು ಕೈ ಬೀಸುವುದು ಇವೆರಡೂ ಅಲ್ಲ. ಬೀಸಿದ ಮೇಲೆ ಅದು ಕಾಯ್ತದೆ, ಆ ಕಡೆಯಿಂದಲೂ ಕೈ ಏಳಲಿ ಅಂತ. ಎದುರಿನವನು ತನ್ನನ್ನೂ ನೋಡಬಲ್ಲ ಎಂದು ಅದಕ್ಕೆ ಗೊತ್ತು.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ನೀವು ಪ್ರವಾಸ ಮುಗಿಸಿ ಬಂದು ಮಕ್ಕಳ ಕೈಲಿ 'ನಾನು ಕಂಡ ಮೃಗಾಲಯ' ಬರೆಸ್ತೀರಿ. ಹುಲಿ, ಸಿಂಹ, ಚಿರತೆ ಸಾಲಾಗಿ ಬರ್ತವೆ. ಮುಂದಿನ ಸಲ ಹೊರಡುವ ಮೊದಲೇ ಹೇಳಿ: ಅಲ್ಲಿ ಕೆಲಸ ಮಾಡುವ ಒಬ್ಬರ ಹತ್ತಿರ ಹೋಗಿ, ಹೆಸರು ಕೇಳೋಕೆ ಮುಂಚೆ ನಿಮ್ಮ ಹೆಸರು ಹೇಳಿ, ಅವರೇನಾದರೂ ಕೇಳಿದರೆ ಉತ್ತರ ಕೊಡಿ ಅಂತ.