ಹೆಸರಿರುವ ಭಿಕ್ಷುಕ, ಹೆಸರಿಲ್ಲದ ಧನಿಕ



ಸಂತ ಲೂಕನ ಶುಭಸಂದೇಶದ 16ನೇ ಅಧ್ಯಾಯದಲ್ಲಿ ಪ್ರಭು ಯೇಸು ಹೇಳಿದ ಒಂದು ಸಾಮತಿ ಇದೆ. ಒಬ್ಬ ಧನಿಕ, ಅವನ ಬಾಗಿಲಲ್ಲಿ ಮೈತುಂಬ ಹುಣ್ಣಾಗಿ ಬಿದ್ದಿದ್ದ ಒಬ್ಬ ಭಿಕ್ಷುಕ. ಭಿಕ್ಷುಕನ ಹೆಸರು ಲಾಸರ. ಧನಿಕನ ಹೆಸರೇನು? ಶುಭಸಂದೇಶದಲ್ಲಿ ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ.

ಲೋಕದ ರೀತಿ ಇದಕ್ಕೆ ತಿರುಗುಮುರುಗು. ಕೊಟ್ಟವರ ಹೆಸರನ್ನು ಕಲ್ಲಿನ ಮೇಲೆ ಕೆತ್ತುತ್ತೇವೆ. ಪಡೆದವರು ಬರೀ 'ಬಡವರು'. ಆ ಧನಿಕ ಲಾಸರನನ್ನು ಹೊಡೆದನೆಂದಾಗಲಿ ಬೈದನೆಂದಾಗಲಿ ಶುಭಸಂದೇಶ ಹೇಳುವುದಿಲ್ಲ. ದಿನವೂ ಬಾಗಿಲಲ್ಲೇ ಇದ್ದವನನ್ನು ಅವನು ತನ್ನಂತೆಯೇ ಒಬ್ಬ ಮನುಷ್ಯನೆಂದು ನೋಡಲಿಲ್ಲ, ಅಷ್ಟೆ.

ನೋಡುವುದನ್ನೇ ಬದುಕಿನ ಕಾಯಕ ಮಾಡಿಕೊಂಡ ಒಬ್ಬರು ನಮ್ಮ ನಾಡಿನಲ್ಲಿದ್ದರು. ಅವರು ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ಛಾಯಾಗ್ರಾಹಕ ಟಿ.ಎಸ್. ಸತ್ಯನ್. ಪತ್ರಿಕೆಗಳಿಗಾಗಿ, ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಾಗಿ ಅವರು ಕ್ಯಾಮೆರಾ ಹೆಗಲಿಗೇರಿಸಿ ಊರೂರು ತಿರುಗಿದರು. ಸಿಡುಬು ನಿರ್ಮೂಲನದ ಕಾರ್ಯವನ್ನು ಚಿತ್ರಿಸಿದರು. ಆ ರೋಗ 1975ರಲ್ಲಿ ನಮ್ಮ ದೇಶದಿಂದ ತೊಲಗಿತು. 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2009ರಲ್ಲಿ ಅವರು ತೀರಿಕೊಂಡರು. ಅವರ ಚಿತ್ರಗಳಲ್ಲಿ ರಾಜಕಾರಣಿಗಳಿಗಿಂತ ಹೆಚ್ಚು ನೆನಪಿನಲ್ಲಿ ಉಳಿಯುವವರು ಸಾಮಾನ್ಯ ಜನ, ಅದರಲ್ಲೂ ಮಕ್ಕಳು. ಅಲ್ಲಿ ಬಡತನ ಕಾಣುತ್ತದೆ. ಆದರೆ ಬಡತನಕ್ಕಿಂತ ಮೊದಲು ಮನುಷ್ಯ ಕಾಣುತ್ತಾನೆ. ಆ ಮಗುವಿನ ನಗುವಿನಲ್ಲಿ ನಮ್ಮ ಮನೆಯ ಮಗುವಿನ ನಗುವೇ ಇದೆ.

ನಮ್ಮ ನೆರೆಯ ಮಹಾರಾಷ್ಟ್ರದ ಸುಧಾರಕ ಓಲ್ವೆ ಮುಂಬೈನ ಸಫಾಯಿ ಕಾರ್ಮಿಕರನ್ನು ಚಿತ್ರಿಸಿದರು. ನಗರದ ಹೊಲಸನ್ನು ಕೈಯಾರೆ ಎತ್ತುವ, ಗಟಾರಕ್ಕೆ ಇಳಿಯುವ ಜನ ಅವರು. ಅವರ ದುಡಿಮೆಯ ಫಲ ಇಡೀ ನಗರಕ್ಕೆ ಬೇಕು; ಅವರ ಮುಖ ಯಾರಿಗೂ ಬೇಡ. ಆ ಮುಖಗಳನ್ನು ಓಲ್ವೆ ನಮ್ಮ ಮುಂದಿಟ್ಟರು. 2016ರಲ್ಲಿ ಅವರಿಗೂ ಪದ್ಮಶ್ರೀ ಸಂದಿತು.

ಇವರೇನೋ ಕಲಾವಿದರು, ನಮಗೂ ಇದಕ್ಕೂ ಏನು ಸಂಬಂಧ ಎನ್ನಬೇಡಿ. ಇಂದು ನಮ್ಮೆಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ.

ಅಫಜಲಪುರ ತಾಲ್ಲೂಕಿನ ಘತ್ತರಗಿಯನ್ನು ನೆನೆಯಿರಿ. ಭಾಗ್ಯವಂತಿ ದೇವಿಯ ದರ್ಶನಕ್ಕೆ ಎರಡೂ ರಾಜ್ಯಗಳ ಜನ ಬರುವ, ಭೀಮಾ ನದಿಯ ದಂಡೆಯ ಊರು ಅದು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಆ ಸೀಮೆಯ ಊರುಗಳಿಗೆಲ್ಲ ನುಗ್ಗಿದಳು. ಮನೆ, ತೊಗರಿ, ಕಬ್ಬು ಎಲ್ಲ ನೀರುಪಾಲು. ಇಂತಹ ಹೊತ್ತಿನಲ್ಲಿ ಜಾತಿ ಮತ ನೋಡದೆ ಓಡಿಹೋಗಿ ಅಕ್ಕಿ, ಬೇಳೆ, ಹೊದಿಕೆ ಹಂಚುವುದು ನಮ್ಮ ಕರ್ತವ್ಯ. ಆದರೆ ಹಂಚುವಾಗ ಏನಾಗುತ್ತದೆ? ಹಿಂದೆ ಬ್ಯಾನರು, ಮುಂದೆ ನಾಲ್ಕು ಮಂದಿ ದಾನಿಗಳು. ನಡುವೆ ನಿನ್ನೆಯವರೆಗೂ ಸ್ವಂತ ಹೊಲದ ಜೋಳ ತಿಂದಿದ್ದ ಒಬ್ಬ ತಾಯಿ. ಚೀಲವನ್ನು ಒಂದು ಕೈಯಲ್ಲಿ ಹಿಡಿಸಿ, "ಈ ಕಡೆ ನೋಡವ್ವ" ಎನ್ನುತ್ತೇವೆ. ಆಕೆ ತಲೆ ತಗ್ಗಿಸುತ್ತಾಳೆ. ಫೋಟೋ ಊರೆಲ್ಲ ಸುತ್ತುತ್ತದೆ. ಆಕೆಯ ಹೆಸರು ನಮ್ಮಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ಆ ಚಿತ್ರದಲ್ಲಿ ಲಾಸರ ಯಾರು, ಧನಿಕ ಯಾರು?

ಹಣ ಕೊಟ್ಟವರಿಗೆ ಲೆಕ್ಕ ತೋರಿಸಬೇಡವೇ ಎಂದು ಕೆಲವರು ಕೇಳಬಹುದು. ಖಂಡಿತ ತೋರಿಸಬೇಕು. ಅದಕ್ಕೆ ರಸೀದಿ ಇದೆ, ಜೋಡಿಸಿಟ್ಟ ಅಕ್ಕಿ ಚೀಲಗಳ ಚಿತ್ರ ಇದೆ. ಒಬ್ಬರ ಅವಮಾನ ನಮ್ಮ ರಸೀದಿಯಾಗಬೇಕಿಲ್ಲ. ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯದಿರಲಿ ಎಂದು ಪ್ರಭು ಬೋಧಿಸಿದ್ದು ಕೊಡುವವನ ಆತ್ಮದ ಹಿತಕ್ಕಾಗಿ ಮಾತ್ರವಲ್ಲ. ಪಡೆಯುವವನ ಮಾನವೂ ಅದರಲ್ಲಿ ಉಳಿಯುತ್ತದೆ.

ಜೆರಿಕೋ ಊರಿನ ಹಾದಿಬದಿಯಲ್ಲಿ ಕೂಗುತ್ತಿದ್ದ ಕುರುಡ ಬಾರ್ತಿಮಾಯನನ್ನು ಯೇಸು ಹತ್ತಿರಕ್ಕೆ ಕರೆಸಿಕೊಂಡರು. ಕುರುಡನಿಗೆ ಏನು ಬೇಕೆಂದು ಯಾರಿಗೆ ತಿಳಿಯದು? ಆದರೂ ಪ್ರಭು ಅವನನ್ನೇ ಕೇಳಿದರು. ಅವನ ಬಾಯಿಂದಲೇ ಉತ್ತರ ಬರುವವರೆಗೆ ಕಾದರು. ಕಣ್ಣು ಬರುವ ಮೊದಲೇ ಅವನಿಗೆ ಮನುಷ್ಯನ ಮರ್ಯಾದೆ ಸಿಕ್ಕಿತು.

ಆದ್ದರಿಂದ ಮುಂದಿನ ಬಾರಿ ನೆರವು ನೀಡಲು ಹೋದಾಗ ಮೂರು ಕೆಲಸ ಮಾಡೋಣ. ಮೊದಲು ಪಕ್ಕದಲ್ಲಿ ಕುಳಿತು ಹೆಸರು ಕೇಳೋಣ. ಆಮೇಲೆ ಅವರಿಗೆ ಏನು ಬೇಕೆಂದು ಕೇಳೋಣ. ಚಿತ್ರ ಬೇಕೇ ಬೇಕೆಂದಾದರೆ, "ಅಕ್ಕಾರ, ನಿಮ್ಮ ಫೋಟೋ ತಗೀಲೇನ್ರಿ?" ಎಂದು ಕೇಳೋಣ. ಬೇಡವೆಂದರೆ ಫೋನನ್ನು ಜೇಬಿಗೆ ಸೇರಿಸೋಣ. ಆದರೆ ಚೀಲ ಮಾತ್ರ ಕೊಟ್ಟೇ ಬರೋಣ. ಮನೆಗೆ ಬಂದು ರಾತ್ರಿ ಜಪಸರ ಪ್ರಾರ್ಥನೆಯಲ್ಲಿ, ಮಕ್ಕಳ ಮುಂದೆ, ಆ ಹೆಸರನ್ನು ಹೇಳಿ ಪ್ರಾರ್ಥಿಸೋಣ.

ಹಸಿದವರಲ್ಲಿ, ಬಟ್ಟೆಯಿಲ್ಲದವರಲ್ಲಿ ತಾನೇ ಇದ್ದೆನೆಂದು ಕಡೆಯ ದಿನ ಹೇಳುವುದಾಗಿ ಪ್ರಭು ನಮಗೆ ಮೊದಲೇ ತಿಳಿಸಿದ್ದಾರೆ. ಅಂದು ಅವರು ನಮ್ಮ ಮುಂದೆ ನಿಂತಾಗ, ಈ ಮುಖವನ್ನು ನಾನು ನೋಡಿದ್ದೇನೆ, ಇವರ ಹೆಸರನ್ನು ಕೇಳಿ ತಿಳಿದಿದ್ದೇನೆ ಎನ್ನುವ ಭಾಗ್ಯ ನಮ್ಮದಾಗಲಿ.